ಭೂತಗನ್ನಡಿಯ ಕೈಯಲ್ಲಿ ಇಸ್ಪೀಟು

ನಮ್ಮ ವಿಮಾ ಕಂಪನಿಯ ಶಾಖೆಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಎದುರಿಗೆ 'ಸಾರ್', ಬೆನ್ನ ಹಿಂದೆ 'ಭೂತಗನ್ನಡಿ'. ಕ್ಲೇಮು ತನಿಖೆ ಅವರ ಕೆಲಸ. ಅಂಗಡಿ ಸುಟ್ಟುಹೋಯಿತು, ಕಾರು ಗುದ್ದಿತು, ಗೋದಾಮಿಗೆ ನೀರು ನುಗ್ಗಿತು ಎಂದು ಯಾರಾದರೂ ಪರಿಹಾರ ಕೇಳಿದರೆ, ಅದು ನಿಜವೋ ನಾಟಕವೋ ಎಂದು ನೋಡಿಕೊಂಡು ಬರುವುದು. ನಾನು ಅವರ ಪಕ್ಕದ ಮೇಜಿನಲ್ಲಿ ಕೂತು, ಅವರು ತಂದ ವರದಿಗಳನ್ನು ಟೈಪು ಮಾಡಿ ಮ್ಯಾನೇಜರಿಗೆ ಕಳಿಸುತ್ತಿದ್ದೆ. ಹೀಗಾಗಿ ಅವರ ಬದುಕಿನ ಮುಕ್ಕಾಲು ಪಾಲು ನನ್ನ ಕಿವಿಯ ಮೂಲಕವೇ ಹಾದುಹೋಗಿದೆ.

ಸುಟ್ಟ ಅಂಗಡಿಯ ಬೂದಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ಒಂದು ಚಿಟಿಕೆ ಎತ್ತಿ ಮೂಗಿಗೆ ಹಿಡಿದು, "ಸೀಮೆಎಣ್ಣೆ" ಅನ್ನುವವರು ಅವರು. ಕಾರಿನ ಬಾಗಿಲಿನ ತಗ್ಗಿನ ಮೇಲೆ ಬೆರಳಾಡಿಸಿ, "ಇದಕ್ಕೆ ಲಾರಿ ಗುದ್ದಿಲ್ಲ, ಇವನೇ ಗೇಟಿಗೆ ಉಜ್ಜಿದ್ದಾನೆ" ಅನ್ನುವವರು. ಮನೆಯಲ್ಲಿಯೂ ಅದೇ ಚಾಳಿ. ಮಗಳು ಗೆಳತಿಯ ಮನೆಗೆ ಹೋಗಿ ಬಂದರೆ ಯಾವ ಬಸ್ಸು, ಕಿಟಕಿ ಪಕ್ಕ ಯಾರು, ಟಿಕೆಟ್ ಎಲ್ಲಿ ಎಂದು ಶುರು. ಅವರ ಹೆಂಡತಿ ಕಣ್ಣಾಸ್ಪತ್ರೆಯೊಂದರಲ್ಲಿ ಬಾಗಿಲ ಬಳಿಯ ಮೇಜಿನಲ್ಲಿ ಕೂತು ರೋಗಿಗಳಿಗೆ ಚೀಟಿ ಕೊಡುವವರು. ಒಮ್ಮೆ ನನ್ನ ಹತ್ತಿರ ಹೇಳಿದ್ದರು: "ದಿನವಿಡೀ ಜನ ನನ್ನ ತಲೆ ತಿಂದು ಕಳಿಸ್ತಾರೆ. ಮನೇಲಿ ಉಳಿದಿದ್ದನ್ನ ಇವರು ತಿಂತಾರೆ."

ಹೀಗಿರುವಾಗ ಒಂದು ಗೋದಾಮಿನ ತನಿಖೆಗೆ ಹೋದವರು ಏಣಿಯಿಂದ ಬಿದ್ದು ಮಂಡಿ ಮುರಿದುಕೊಂಡರು. ಆಸ್ಪತ್ರೆಯಲ್ಲಿ ಎಚ್ಚರವಾದ ಕೂಡಲೇ ಅವರು ಆಡಿದ ಮೊದಲ ಮಾತು, "ಆ ಏಣಿ ತೆಗೆದಿಡಿ, ಯಾರೂ ಮುಟ್ಟಬಾರದು." ಮೆಟ್ಟಿಲನ್ನು ಯಾರೋ ಬೇಕೆಂದೇ ಸಡಿಲಿಸಿದ್ದಾರೆ ಎನ್ನುವುದು ಅವರ ಗುಮಾನಿ. ಏಣಿ ಹಳೆಯದಾಗಿತ್ತು, ಅಷ್ಟೇ.

ಕಾಲಿಗೆ ಪಟ್ಟಿ ಹಾಕಿಸಿಕೊಂಡು ಮನೆಯಲ್ಲಿ ಕೂತ ಮನುಷ್ಯ ಒಂದೇ ವಾರದಲ್ಲಿ ಮನೆಯವರ ಉಸಿರು ಕಟ್ಟಿಸಿಬಿಟ್ಟರು. ಹಾಲಿಗೆ ನೀರು ಬೆರೆತಿದೆಯೆಂದೂ, ಮೇಲಿನ ಮನೆಯವರು ನೀರಿನ ಮೀಟರಿಗೆ ಏನೋ ಮಾಡಿದ್ದಾರೆಂದೂ ದಿನಕ್ಕೊಂದು ತನಿಖೆ. ತಡೆಯಲಾರದೆ ಮಗಳು ತನ್ನ ಹಳೆಯ ಟ್ಯಾಬ್ಲೆಟ್ಟಿನಲ್ಲಿ ಪೋಕರ್ ಆಟ ಹಾಕಿಕೊಟ್ಟಳು.

"ಅಪ್ಪಾ, ಇದ್ರಲ್ಲಿ ಎಲ್ರೂ ಸುಳ್ಳು ಹೇಳ್ತಾರೆ. ನಿನಗೆ ಇಷ್ಟ ಆಗುತ್ತೆ."

ಆಟ ಕಷ್ಟದ್ದಲ್ಲ. ಪ್ರತಿಯೊಬ್ಬರಿಗೂ ಗುಟ್ಟಾಗಿ ಎರಡೆರಡು ಎಲೆ. ನಡುವೆ ಎಲ್ಲರಿಗೂ ಕಾಣುವಂತೆ ಐದು ಎಲೆ, ಒಂದೇ ಸಲಕ್ಕಲ್ಲ, ಹಂತ ಹಂತವಾಗಿ. ಪ್ರತಿ ಹಂತದಲ್ಲೂ ಪಣ ಏರಿಸಬಹುದು, ಸರಿಗಟ್ಟಬಹುದು, ಇಲ್ಲವೆ ಎಲೆ ಬಿಸಾಡಿ ಎದ್ದುಬಿಡಬಹುದು. ಒಳ್ಳೆಯ ಎಲೆ ಇದ್ದವನು ಗೆಲ್ಲುತ್ತಾನೆ. ಇಲ್ಲದಿದ್ದರೂ ಇದೆ ಎಂದು ಉಳಿದವರನ್ನು ನಂಬಿಸಿ ಓಡಿಸಿದವನೂ ಗೆಲ್ಲುತ್ತಾನೆ. ಭೂತಗನ್ನಡಿಯವರಿಗೆ ಇದು ತಮಗಾಗಿಯೇ ಮಾಡಿಸಿದ ಆಟ ಅನ್ನಿಸಿತು. ಮೊದಮೊದಲು ದುಡ್ಡಿಲ್ಲದ ಬರೀ ಬೊಂಬೆ ಬಿಲ್ಲೆಗಳಲ್ಲಿ ಆಡಿ ಗೆದ್ದರು. ಆಮೇಲೆ ಸಿಗರೇಟು ಬಿಟ್ಟಿದ್ದರಿಂದ ಉಳಿಯುತ್ತಿದ್ದ ಸಣ್ಣ ಮೊತ್ತ ಹಾಕಿ ನಿಜವಾದ ಹಣದ ಮೇಜಿಗೆ ಹೋದರು. ಅಲ್ಲಿ ಸೋತರು. ಮರುದಿನವೂ ಸೋತರು. ತಿಂಗಳಿಡೀ ಸೋಲು.

ನಾನು ನೋಡಲು ಹೋದಾಗ ಟ್ಯಾಬ್ಲೆಟ್ಟಿನ ಕ್ಯಾಮೆರಾದ ಮೇಲೆ ಗಾಯಕ್ಕೆ ಹಚ್ಚುವ ಪಟ್ಟಿ ಅಂಟಿಸಿತ್ತು. ಕುರ್ಚಿಯನ್ನು ಗೋಡೆಗೆ ಒತ್ತಿಕೊಂಡು ಕೂತಿದ್ದರು.

"ನೋಡಮ್ಮಾ, ಇದ್ರಲ್ಲಿ ಮೋಸ ಇದೆ," ಅಂದರು ದನಿ ತಗ್ಗಿಸಿ. "ಬೂದಿಬೆಕ್ಕು ಅಂತ ಒಂದು ಆಸಾಮಿ ಬರುತ್ತೆ. ನನಗೆ ಒಳ್ಳೇ ಎಲೆ ಬಂದಾಗಲೆಲ್ಲ ಎದ್ದು ಹೋಗುತ್ತೆ. ನಾನು ಬುರುಡೆ ಬಿಟ್ಟಾಗಲೆಲ್ಲ ಕೂತ್ಕೊಳ್ಳುತ್ತೆ. ನನ್ನ ಎಲೆ ಅದಕ್ಕೆ ಹೇಗೆ ಗೊತ್ತಾಗುತ್ತೆ?"

"ಬೂದಿಬೆಕ್ಕು ಅಂದ್ರೆ ಯಾರು ಸಾರ್?"

"ಯಾರಿಗೆ ಗೊತ್ತು? ಅಲ್ಲಿ ಯಾರ ಹೆಸರೂ ನಿಜ ಅಲ್ಲ. ಹೆಂಗಸು ಅಂತ ನನ್ನ ಅನುಮಾನ. ಆ ತಾಳ್ಮೆ ಗಂಡಸರಿಗೆ ಇರಲ್ಲ."

ಮಗಳ ಮೇಲೂ ಅವರಿಗೆ ಸಂಶಯ ಇದ್ದಿರಬೇಕು. ಅವಳು ನೀರಿನ ಲೋಟ ಹಿಡಿದು ಒಳಗೆ ಬಂದ ತಕ್ಷಣ ಟ್ಯಾಬ್ಲೆಟ್ಟನ್ನು ಮಗುಚಿ ಹಾಕಿದರು.

ಅವರು ಸುಮ್ಮನೆ ಗೊಣಗಿ ಬಿಡುವ ಜಾತಿಯಲ್ಲ. ಮೋಸವನ್ನು ಸಾಬೀತು ಮಾಡಿ ದೂರು ಕೊಡಬೇಕೆಂದು ತನಿಖೆ ಆರಂಭಿಸಿದರು. ಆಡಿದ ಪ್ರತಿಯೊಂದು ಆಟವನ್ನೂ ಮತ್ತೆ ಓಡಿಸಿ ನೋಡುವ ಸೌಕರ್ಯ ಅದರಲ್ಲಿತ್ತು. ಕೆಲಸದಲ್ಲಿ ಅವರದೊಂದು ನಿಯಮವಿತ್ತು: ನೋವಾದ ಜಾಗವನ್ನಷ್ಟೇ ನೋಡಬೇಡ, ಇಡೀ ಮೈ ನೋಡು. ಅದರಂತೆ ಸೋತ ಆಟಗಳ ಜೊತೆಗೆ ಗೆದ್ದವನ್ನೂ ನೋಡಿದರು. ಅಲ್ಲೇ ಅವರಿಗೆ ಮೊದಲ ಪೆಟ್ಟು. ಎರಡು ಎಕ್ಕ, ಅಂದರೆ ಆಟದಲ್ಲೇ ಎಲ್ಲಕ್ಕಿಂತ ಒಳ್ಳೆಯ ಜೋಡಿ, ಹಿಡಿದು ಸೋತದ್ದು ಒಂದೊಂದೂ ಅವರಿಗೆ ನೆನಪಿತ್ತು. ಹಿಡಿದು ಗೆದ್ದದ್ದು ಒಂದೂ ನೆನಪಿರಲಿಲ್ಲ. ಎರಡು ಎಕ್ಕ ಇದ್ದವನೂ ಐದಾರು ಸಲಕ್ಕೊಮ್ಮೆ ಸೋಲಲೇಬೇಕು, ಅದು ಲೆಕ್ಕ. ಅವರ ಸೋಲೂ ಸರಿಯಾಗಿ ಅಷ್ಟೇ ಇತ್ತು. ಎಲೆ ಹಂಚಿಕೆಯಲ್ಲಿ ಕಿಂಚಿತ್ತೂ ಕೊಂಕಿರಲಿಲ್ಲ.

ಹಾಗಾದರೆ ಬೂದಿಬೆಕ್ಕು? ಅದನ್ನೂ ಮತ್ತೆ ಮತ್ತೆ ಓಡಿಸಿ ನೋಡಿದರು. ಒಳ್ಳೆಯ ಎಲೆ ಬಂದಾಗ ತಾವು ರೆಪ್ಪೆ ಬಡಿಯುವಷ್ಟರಲ್ಲಿ ಪಣ ಏರಿಸುತ್ತಿದ್ದರು. ಬುರುಡೆ ಬಿಡುವಾಗ ಕೊಟ್ಟ ಸಮಯವನ್ನೆಲ್ಲ ಯೋಚಿಸುತ್ತ ಕಳೆದು, ಕೊನೆಗೆ ಭಾರಿ ಮೊತ್ತ ತಳ್ಳುತ್ತಿದ್ದರು. ಒಮ್ಮೆಯೂ ತಪ್ಪಿರಲಿಲ್ಲ. ತಡವರಿಸಿ ದೊಡ್ಡ ಮಾತಾಡುವವನು ಸುಳ್ಳುಗಾರ ಎಂದು ನಮಗೆಲ್ಲ ಪಾಠ ಹೇಳುತ್ತಿದ್ದವರು ಅವರೇ.

"ಅವಳು ನನ್ನ ಎಲೆ ನೋಡಿಲ್ಲ ಕಣಮ್ಮಾ," ಅಂದರು ಫೋನಿನಲ್ಲಿ. ದನಿ ಸೋತಿತ್ತು. "ನನ್ನನ್ನ ನೋಡಿದ್ದಾಳೆ."

ಬೇರೆಯವರಾಗಿದ್ದರೆ ಅಲ್ಲಿಗೆ ಕೈ ತೊಳೆದುಕೊಳ್ಳುತ್ತಿದ್ದರು. ಇವರಿಗೆ ಹಟ ಹತ್ತಿತು. ಕೆಲವು ದಿನ ಹಣ ಹಾಕುವುದನ್ನು ನಿಲ್ಲಿಸಿ ಓದಲು ಕೂತರು. ದಪ್ಪ ಪುಸ್ತಕ ತರಿಸಿಕೊಂಡರು, ಆಟ ಬಲ್ಲವರ ಪಾಠಗಳನ್ನು ಕೇಳಿದರು. ಬೆಳಿಗ್ಗೆ ಸಾಮಾನಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಹಳೆಯ ಆಟಗಳನ್ನು ನಿಧಾನವಾಗಿ ಓಡಿಸಿ, ಎಲ್ಲಿ ಎಡವಿದೆ ಎಂದು ನೋಡಿಕೊಂಡ ಮೇಲಷ್ಟೇ ಆಟ. ಎಲೆ ಹೇಗೇ ಇರಲಿ, ಮನಸ್ಸಿನಲ್ಲಿ ಒಂದೇ ಲಯದಲ್ಲಿ ಎಣಿಸಿ ಆಮೇಲೆ ಗುಂಡಿ ಒತ್ತುವುದನ್ನು ರೂಢಿಸಿಕೊಂಡರು.

ಎಲ್ಲಕ್ಕಿಂತ ಕಷ್ಟವಾದ ಪಾಠ ಬೇರೆ ಇತ್ತು. ಎದುರಿನವನ ಕೈಯಲ್ಲಿ ಇದೇ ಎಲೆ ಇದೆ ಎಂದು ತೀರ್ಮಾನಿಸಕೂಡದು. ಏನೇನು ಇರಬಹುದೋ ಅಷ್ಟನ್ನೂ ಮನಸ್ಸಿನಲ್ಲಿ ಹರಡಿಕೊಂಡು, ಯಾವುದಕ್ಕೆ ಎಷ್ಟು ಸಾಧ್ಯತೆ ಎಂದು ತೂಗುತ್ತ, ಆಟ ಮುಂದುವರಿದಂತೆ ಒಂದೊಂದನ್ನೇ ಕೈಬಿಡಬೇಕು. ಜೀವನಪರ್ಯಂತ ಕಂಡ ಕೂಡಲೇ ಕಳ್ಳನನ್ನು ಗುರುತಿಸಿದವರಿಗೆ ಇದು ಎಡಗೈಯಲ್ಲಿ ಬರೆಯುವುದನ್ನು ಕಲಿತಂತಾಯಿತು.

ಇತ್ತ ಮನೆಯಲ್ಲಿ ಬೇರೆಯೇ ಹೊಗೆ ಏಳುತ್ತಿತ್ತು. ಒಂದು ಮಧ್ಯಾಹ್ನ ಅವರ ಹೆಂಡತಿ ನನ್ನನ್ನು ಕಣ್ಣಾಸ್ಪತ್ರೆಯ ಎದುರಿನ ಚಹಾದಂಗಡಿಗೆ ಕರೆಸಿಕೊಂಡರು. ಲೋಟ ಮುಟ್ಟಲೇ ಇಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು.

"ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಬೆಳಿಗ್ಗೆ ಹೊತ್ತು ನಮ್ಮನೆಯವರಿಗೆ ಫೋನ್ ಮಾಡ್ತೀರಾ?"

"ಇಲ್ವಲ್ಲ. ಯಾಕೆ?"

"ಈ ಮನುಷ್ಯ ಪ್ರಶ್ನೆ ಕೇಳೋದು ನಿಲ್ಲಿಸಿದ್ದಾರೆ. ನಾನು ತಡವಾಗಿ ಬಂದ್ರೂ ಕೇಳಲ್ಲ. ಬೆಳಿಗ್ಗೆ ಎದ್ದು ಸಾಮಾನಿನ ಕೋಣೆ ಸೇರ್ಕೊಳ್ತಾರೆ. ಮೊನ್ನೆ ಬಾಗಿಲಿಗೆ ಕಿವಿ ಕೊಟ್ಟೆ. 'ಇವತ್ತು ಬಂದ್ಳು. ಸುಮ್ನಿದ್ದಾಳೆ. ನಾನೂ ಸುಮ್ನಿದ್ರೆ ಅವಳೇ ಬರ್ತಾಳೆ' ಅಂತಿದ್ರು. ಯಾರ್ರೀ ಅವಳು?"

ನನಗೆ ನಗು ಒತ್ತರಿಸಿ ಬಂತು. ಬೂದಿಬೆಕ್ಕಿನ ಕಥೆ ಹೇಳಿದೆ. ಅವರು ನಗಲಿಲ್ಲ. ನಾವಿಬ್ಬರೂ ಸೇರಿ ಕಟ್ಟಿದ ಕಥೆ ಇದು ಎಂದುಕೊಂಡರೋ ಏನೋ. ಮರುದಿನ ಬೆಳಿಗ್ಗೆ ಕೋಣೆಯ ಬಾಗಿಲು ತಳ್ಳಿ ಒಳಗೆ ಹೋಗಿ, ಅಕ್ಕಿ ಡಬ್ಬದ ಮೇಲೆ ಕೂತುಬಿಟ್ಟರಂತೆ.

"ನನ್ನೆದುರಿಗೇ ಆಡಿ. ನೋಡ್ತೀನಿ."

ಇವರು ಆಡಿದರು. ಬೆಕ್ಕೂ ಬಂತು. ಆಕೆ ಪರದೆಯನ್ನು ನೋಡಲಿಲ್ಲ, ಗಂಡನನ್ನೇ ನೋಡಿದರು. ಆಟ ಮುಗಿದ ಮೇಲೆ ಒಂದೇ ಮಾತು: "ಸೋತ ಮೇಲೆ ನಿಮ್ಮ ಕಿವಿ ಕೆಂಪಾಗುತ್ತೆ. ಆಮೇಲೆ ನೀವು ಆಡಿದ್ದೆಲ್ಲ ಬರೀ ಸಿಟ್ಟು."

ಅದು ಪುಸ್ತಕದಲ್ಲಿಲ್ಲದ ಪಾಠ. ಭೂತಗನ್ನಡಿಯವರು ಗಡ್ಡ ಹೆರೆಯುವ ಕನ್ನಡಿಯನ್ನು ಟ್ಯಾಬ್ಲೆಟ್ಟಿನ ಪಕ್ಕದಲ್ಲಿ ನಿಲ್ಲಿಸಿಕೊಂಡರು. ಕಿವಿ ಕೆಂಪಾಗಿ ಕಂಡರೆ ಆ ದಿನದ ಆಟಕ್ಕೆ ಬೀಗ, ಎಂಥ ಎಲೆ ಕೈಯಲ್ಲಿರಲಿ. ಮೊದಲು ಕೆಲವು ಸಲ ಕನ್ನಡಿಯನ್ನು ಪಕ್ಕಕ್ಕೆ ತಿರುಗಿಸಿ ಆಡಿದ್ದೂ ಉಂಟಂತೆ. ಹೆಂಡತಿ ಅದನ್ನೂ ಹಿಡಿದರು. ಕ್ರಮೇಣ ಆಟ ಬಿಟ್ಟೇಳುವುದು ರೂಢಿಯಾಯಿತು. ಕಾಲಿನ ಪಟ್ಟಿ ಬಿಚ್ಚಿ ಕೆಲಸಕ್ಕೆ ಮರಳುವ ಹೊತ್ತಿಗೆ ಸೋಲು ನಿಂತಿತ್ತು. ವರ್ಷ ಕಳೆಯುವುದರೊಳಗೆ ಸಣ್ಣದಾಗಿ, ಆದರೆ ತಪ್ಪದೆ, ಗೆಲುವು ಬರತೊಡಗಿತ್ತು. ಬೂದಿಬೆಕ್ಕು ಈಗ ಇವರು ಕೂತ ಮೇಜಿಗೆ ಅಪರೂಪಕ್ಕೆ ಬರುತ್ತಿತ್ತು. ಅದರಲ್ಲೂ ಏನೋ ಮಸಲತ್ತಿದೆ ಅನ್ನುವುದನ್ನು ಮಾತ್ರ ಅವರು ಬಿಡಲಿಲ್ಲ.

ಆಫೀಸಿಗೆ ಬಂದ ಮನುಷ್ಯ ಬೇರೆಯಾಗಿದ್ದರು. ಒಂದು ದಿನ ಕೂತಲ್ಲಿಂದಲೇ ನನ್ನ ಕಡೆ ತಿರುಗಿದರು.

"ನೋಡಮ್ಮಾ, ನಾನು ಹಿಡಿದ ಕಳ್ಳರೆಲ್ಲ ನನಗೆ ನೆನಪಿದ್ದಾರೆ. ತಪ್ಪಾಗಿ ಹಿಡಿದಿದ್ದು?"

"ತಪ್ಪಾಗಿ ಹಿಡಿದಿದ್ದು ಇದೆಯಾ ಸಾರ್?"

"ಅದೇ. ನನಗೂ ಗೊತ್ತಿಲ್ಲ. ಯಾರೂ ಬಂದು ಹೇಳಲ್ಲವಲ್ಲ. ಎಕ್ಕ ಹಿಡಿದು ಗೆದ್ದಿದ್ದು ನೆನಪಿಲ್ಲದ ಹಾಗೆ ಇದೂ ಇದ್ರೆ?"

ಮರುದಿನದಿಂದ, ತಾವೇ ತಿರಸ್ಕರಿಸಿದ ಕ್ಲೇಮುಗಳನ್ನು ಅಟ್ಟದಿಂದ ಇಳಿಸಿ ಓದತೊಡಗಿದರು. ಹೆಚ್ಚಿನವು ಅಪ್ಪಟ ಮೋಸವೇ. ಒಂದು ಮಾತ್ರ ಅವರ ಕಾಲಿಗೆ ತೊಡರಿತು. ಒಬ್ಬಳು ಫೋಟೋ ಸ್ಟುಡಿಯೋದವಳದ್ದು. ಸ್ಟುಡಿಯೋ ಸುಟ್ಟಿತ್ತು, ಹಿಂದಿನ ಸಂಜೆಯೇ ಆಕೆ ಎರಡು ಕ್ಯಾಮೆರಾಗಳನ್ನು ಮನೆಗೆ ಸಾಗಿಸಿದ್ದಳು. ಹೊಸಬರು ಕೆಲಸಕ್ಕೆ ಸೇರಿದಾಗಲೆಲ್ಲ ಇವರು ಆ ಪ್ರಸಂಗವನ್ನು ಚಪ್ಪರಿಸಿ ಹೇಳುತ್ತಿದ್ದರು: "ಬೆಂಕಿ ಬೀಳುತ್ತೆ ಅಂತ ಕ್ಯಾಮೆರಾಕ್ಕೆ ಕನಸು ಬಿದ್ದಿತ್ತಾ?" ಎಲ್ಲರೂ ನಗುತ್ತಿದ್ದೆವು.

"ಕ್ಯಾಮೆರಾ ಮನೆಗೆ ಒಯ್ಯೋಕೆ ಎಷ್ಟು ಕಾರಣ ಇರಬಹುದು?" ಅಂದರು ಈಗ. "ನಾನು ಒಂದೇ ನೋಡಿದ್ದೆ. ನೀನೂ ಬಾ. ನನ್ನೊಬ್ಬನ ಮುಖ ನೋಡಿದ್ರೆ ಅವಳು ಮಾತಾಡಲ್ಲ."

ಆಕೆ ಈಗ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಯಂತ್ರದ ಹಸಿರು ಬೆಳಕು ಅವಳ ಗಲ್ಲದ ಕೆಳಗೆ ಹಾದು ಹೋಗುತ್ತಿತ್ತು. ಇವರನ್ನು ನೋಡಿದ ಕೂಡಲೇ ಕೈಯಲ್ಲಿದ್ದ ಹಾಳೆಗಳನ್ನು ಎದೆಗೆ ಒತ್ತಿಕೊಂಡಳು.

"ಮತ್ತೆ ಯಾಕೆ ಬಂದ್ರಿ?"

"ಒಂದು ವಿಷಯ ಕೇಳಬೇಕಿತ್ತು."

"ಆಗ ಎಲ್ಲಾ ಹೇಳಿದ್ದೀನಿ. ನಂಬಿದ್ರಾ? ಈಗ ಇನ್ಯಾವ ಬಲೆ ತಂದಿದ್ದೀರಿ?"

"ಎಲ್ಲಾ ಹೇಳಿರಲಿಲ್ಲ," ಅಂದರು ಇವರು ಮೆಲ್ಲಗೆ. "ಏನೋ ಒಂದು ಮುಚ್ಚಿಟ್ಟಿದ್ರಿ. ಅದು ನನಗೆ ಕಂಡಿತ್ತು. ಏನು ಅನ್ನೋದನ್ನ ಮಾತ್ರ ನಾನೇ ಊಹೆ ಮಾಡ್ಕೊಂಡೆ."

ಆಕೆ ನನ್ನನ್ನು ನೋಡಿದಳು, ಹೊರಗೆ ಬೀದಿಯನ್ನು ನೋಡಿದಳು, ಬೇರೆ ಯಾರಾದರೂ ಬಂದಿದ್ದಾರೆಯೇ ಎನ್ನುವಂತೆ. ಗಿರಾಕಿಗೆ ಚಿಲ್ಲರೆ ಕೊಟ್ಟು ಕಳಿಸಿದಳು. ಕೊನೆಗೆ ಕಾಗದ ಜೋಡಿಸುತ್ತಲೇ ಹೇಳಿದಳು. ಸ್ಟುಡಿಯೋದ ಗೋಡೆಯಲ್ಲಿ ವೈರು ಚಿಟಿಚಿಟಿ ಅನ್ನುತ್ತಿತ್ತು. ಕಟ್ಟಡದ ಮಾಲೀಕನಿಗೆ ಹೇಳಿದ್ದಳು. ಅವನು ಕಳಿಸಿದ ಎಲೆಕ್ಟ್ರಿಷಿಯನ್ ನೋಡಿ, ನಾಳೆ ಬರುತ್ತೇನೆಂದು ಹೋಗಿದ್ದ. ಹೆದರಿಕೆಯಾಗಿ ಕ್ಯಾಮೆರಾ ಎರಡನ್ನು ಮನೆಗೆ ಒಯ್ದಳು. ಅಪಾಯ ಗೊತ್ತಿದ್ದೂ ಅಂಗಡಿ ತೆರೆದಿದ್ದೆ ಎಂದರೆ ವಿಮೆ ಕೊಡುವುದಿಲ್ಲ ಎಂದು ಯಾರೋ ಹೆದರಿಸಿದ್ದರು. ಅದಕ್ಕೇ ವೈರಿನ ಮಾತನ್ನೇ ಎತ್ತಿರಲಿಲ್ಲ.

"ಹೇಳಿದ್ರೆ ಕೊಡ್ತಿದ್ರಾ?"

"ಕೊಡ್ತಿದ್ವಿ," ಅಂದರು ಭೂತಗನ್ನಡಿ. ಅವರ ಕಿವಿ ಕೆಂಪಾಗಿದ್ದನ್ನು ನಾನು ನೋಡಿದೆ.

ಆಕೆಯ ಮಾತನ್ನೂ ಅವರು ಹಾಗೆಯೇ ನುಂಗಿಕೊಳ್ಳಲಿಲ್ಲ. ಎಲೆಕ್ಟ್ರಿಷಿಯನ್‌ನನ್ನು ಹುಡುಕಿ ಹಿಡಿದರು. ಅವನು ಮೊದಲು ತನಗೇನೂ ಗೊತ್ತಿಲ್ಲವೆಂದ, ಆಮೇಲೆ ಬಾಯಿಬಿಟ್ಟ. ಅಗ್ನಿಶಾಮಕದವರ ಹಳೆಯ ವರದಿಯಲ್ಲೂ ಬೆಂಕಿ ಅದೇ ಗೋಡೆಯಿಂದ ಎದ್ದಿತ್ತು ಎಂದಿತ್ತು. ಆ ಸಾಲನ್ನು ಅಂದು ಇವರು ಓದಿ ದಾಟಿಬಿಟ್ಟಿದ್ದರು. ಕ್ಲೇಮನ್ನು ಮತ್ತೆ ತೆರೆಯಬೇಕು, ತಪ್ಪು ತಮ್ಮದು ಎಂದು ವರದಿ ಕೊಟ್ಟರು. ನಾನು ಅದನ್ನು ಟೈಪು ಮಾಡಿ ಮ್ಯಾನೇಜರಿಗೆ ಕಳಿಸಿದೆ.

ಮ್ಯಾನೇಜರು ವರದಿಯನ್ನು ಓದಿ ಕನ್ನಡಕ ತೆಗೆದಿಟ್ಟರು. "ಬೇಡ ಅಂದಿದ್ದೂ ನೀವೇ, ಈಗ ಕೊಡಿ ಅನ್ನೋದೂ ನೀವೇ. ಏನ್ರೀ ಸಮಾಚಾರ?"

ಅದೇ ವಾರ ಯಾರೋ ಹೆಸರು ಹೇಳದೆ ಮೇಲಿನ ಕಚೇರಿಗೆ ಫೋನ್ ಮಾಡಿದರು: ಈ ತನಿಖಾಧಿಕಾರಿಗೆ ಎಲ್ಲಿಂದಲೋ ಹಣ ಬರುತ್ತಿದೆ, ಹಳೆಯ ಕ್ಲೇಮುಗಳನ್ನು ದುಡ್ಡು ತಗೊಂಡು ತೆರೆಯುತ್ತಿದ್ದಾರೆ. ಮೇಲಿನ ಕಚೇರಿ ಒಬ್ಬ ವಿಚಾರಣಾಧಿಕಾರಿಯನ್ನು ಕಳಿಸಿತು. ಇವರ ಮಗಳಿಗಿಂತ ಸ್ವಲ್ಪ ದೊಡ್ಡವಳಿರಬಹುದು ಆಕೆ; ನಗು ಎಂಬುದನ್ನು ಮನೆಯಲ್ಲೇ ಬಿಟ್ಟು ಬಂದಿದ್ದಳು. ಕಿಟಕಿಯಿಲ್ಲದ ಸಣ್ಣ ಸಭಾಕೋಣೆಯಲ್ಲಿ ವಿಚಾರಣೆ. ಮಾತುಗಳನ್ನು ಬರೆದುಕೊಳ್ಳಲು ನನ್ನನ್ನು ಕೂರಿಸಿದರು.

"ನಿಮ್ಮ ಖಾತೆಗೆ ಪ್ರತಿ ತಿಂಗಳೂ ಸಂಬಳ ಬಿಟ್ಟು ಬೇರೆ ಹಣ ಬರ್ತಿದೆ. ಎಲ್ಲಿಂದ?"

"ಪೋಕರ್ ಆಡ್ತೀನಿ."

ಆಕೆಯ ಪೆನ್ನು ನಿಂತಿತು. "ಜೂಜಿನಲ್ಲಿ ಹೀಗೆ ತಿಂಗಳು ತಿಂಗಳೂ ಗೆಲ್ಲೋರನ್ನ ನಾನು ನೋಡಿಲ್ಲ."

"ನಾನೂ ನೋಡಿರಲಿಲ್ಲ. ಮೊದಲನೇ ತಿಂಗಳುಗಳನ್ನ ನೋಡಿ. ಬರೀ ಹೋಗಿದ್ದೇ ಇದೆ."

"ಆಮೇಲೆ ಇದ್ದಕ್ಕಿದ್ದ ಹಾಗೆ ಜಾಣರಾದ್ರಾ?"

"ಇಲ್ಲ. ನಿಧಾನಕ್ಕೆ ಕಡಿಮೆ ದಡ್ಡನಾದೆ."

ಅವಳು ನಗಲಿಲ್ಲ. "ನಿಮ್ಮ ಮಾತು ನಾನ್ಯಾಕೆ ನಂಬಬೇಕು?"

"ನಂಬಬೇಡಿ," ಅಂದರು. "ನಿಮ್ಮ ಜಾಗದಲ್ಲಿ ನಾನಿದ್ರೆ ನಾನೂ ನಂಬ್ತಿರಲಿಲ್ಲ. ಆಡಿದ್ದೆಲ್ಲ ಇದ್ರಲ್ಲಿದೆ, ಗೆದ್ದಿದ್ದು ಸೋತಿದ್ದು ಎರಡೂ. ಗೆದ್ದಿದ್ದನ್ನಷ್ಟೇ ನೋಡಬೇಡಿ."

ಟ್ಯಾಬ್ಲೆಟ್ಟನ್ನು ಅವಳ ಕಡೆ ಸರಿಸಿ, ಕೈ ಕಟ್ಟಿ ಕೂತರು. ಹಳೆಯ ಭೂತಗನ್ನಡಿಯಾಗಿದ್ದರೆ ಮೇಜು ಗುದ್ದಿ ಎದ್ದು ಹೋಗುತ್ತಿದ್ದರು. ಅವಳು ಕಟುವಾದ ಪ್ರಶ್ನೆ ಎಸೆದಾಗಲೂ, ಸುಲಭದ್ದು ಕೇಳಿದಾಗಲೂ, ಒಂದೇ ಅಳತೆಯ ಬಿಡುವು ಕೊಟ್ಟು ಉತ್ತರಿಸಿದರು. ಮನಸ್ಸಿನಲ್ಲಿ ಎಣಿಸುತ್ತಿದ್ದರು ಎಂದು ನನಗೆ ಗೊತ್ತಿತ್ತು. ಅವಳಿಗೆ ಆ ಸಮಾಧಾನವೇ ಗುಮಾನಿ ತಂದಿತೇನೋ, ಮತ್ತೆ ಮತ್ತೆ ಕತ್ತೆತ್ತಿ ನೋಡುತ್ತಿದ್ದಳು.

ಹೊರಗೆ ಬಂದ ಮೇಲೆ ಕೇಳಿದೆ, "ಫೋನ್ ಮಾಡಿದ್ದು ಯಾರು ಸಾರ್?"

"ನನ್ನ ಅನುಮಾನದಲ್ಲಿ ಕಟ್ಟಡದ ಮಾಲೀಕನಿಗೆ ಹೆಚ್ಚಿನ ಪಾಲು, ವೈರಿನ ತಪ್ಪು ಅವನ ತಲೆಗೇ ಬರುತ್ತಲ್ಲ. ಮ್ಯಾನೇಜರಿಗೆ ಸ್ವಲ್ಪ. ಎಲೆಕ್ಟ್ರಿಷಿಯನ್‌ಗೆ ಸ್ವಲ್ಪ." ನನ್ನನ್ನು ಒಂದು ಗಳಿಗೆ ನೋಡಿದರು. "ನಿನಗೂ ಒಂದು ಚೂರು ಇಟ್ಟಿದ್ದೀನಿ."

"ನನಗಾ?"

"ಚೂರೇ ಚೂರು. ಬೇಜಾರು ಮಾಡ್ಕೋಬೇಡ, ನನ್ನ ಹೆಂಡತಿಗೂ ಇಟ್ಟಿದ್ದೀನಿ."

ನಾನು ಎರಡು ದಿನ ಅವರೊಂದಿಗೆ ಮಾತು ಬಿಟ್ಟೆ. ಕರೆ ಮಾಡಿದ್ದು ಯಾರೆಂದು ಇವತ್ತಿಗೂ ತಿಳಿದಿಲ್ಲ. ಕಟ್ಟಡದ ಮಾಲೀಕನ ಮೇಲೆ ನನಗಂತೂ ಖಾತ್ರಿ ಅನುಮಾನ. ಅವನ ಮನೆಗೆ ಹೋಗಿ ತರಾಟೆಗೆ ತಗೊಳ್ಳಿ ಎಂದರೂ ಇವರು ಹೋಗಲಿಲ್ಲ. "ಇನ್ನೂ ಎಲೆ ತೆರೆದಿಲ್ಲ" ಎಂದು ಸುಮ್ಮನಾದರು.

ವಿಚಾರಣೆ ಬಹಳ ಕಾಲ ಎಳೆಯಿತು. ಕಚೇರಿಯಲ್ಲಿ ಜನ ಅವರೊಂದಿಗೆ ಊಟಕ್ಕೆ ಕೂರುವುದನ್ನು ಬಿಟ್ಟರು. ಆ ದಿನಗಳಲ್ಲಿ ಅವರು ಪೋಕರ್ ಆಡಲಿಲ್ಲ. ಮನಸ್ಸು ನೆಟ್ಟಗಿಲ್ಲದಾಗ ಆಡಬಾರದು ಎಂದು ಓದುವುದನ್ನಷ್ಟೇ ಮುಂದುವರಿಸಿದರು. ಕಡೆಗೆ, ಆಟದಿಂದ ಬಂದ ಹಣಕ್ಕೂ ಕ್ಲೇಮಿಗೂ ಸಂಬಂಧವಿಲ್ಲ, ಆರೋಪ ಸಾಬೀತಾಗಿಲ್ಲ ಎಂದು ತೀರ್ಮಾನ ಬಂತು. 'ನಿರಪರಾಧಿ' ಎಂಬ ಪದ ಅದರಲ್ಲಿ ಎಲ್ಲೂ ಇರಲಿಲ್ಲ. ಸ್ಟುಡಿಯೋದವಳಿಗೆ ಪರಿಹಾರ ಮಂಜೂರಾಯಿತು. ಇವರನ್ನು ಹೊರಗಿನ ತನಿಖೆಯಿಂದ ತೆಗೆದು, ಬೇರೆಯವರ ವರದಿ ಪರಿಶೀಲಿಸುವ ಮೇಜಿಗೆ ಹಾಕಿದರು. ಶಿಕ್ಷೆ ಎಂದು ಹಾಕಿದ್ದು. ಅಲ್ಲಿ ಕೂತು ಅವರು, 'ಬೇರೆ ಯಾವ ಕಾರಣ ಇರಬಹುದು?' ಎಂದು ಬರೆದು ಎಷ್ಟೋ ವರದಿಗಳನ್ನು ವಾಪಸು ಕಳಿಸಿದರು. ಹೊಸ ತನಿಖಾಧಿಕಾರಿಗಳು ಹಲ್ಲು ಕಡಿಯುತ್ತಿದ್ದರು.

ನಿವೃತ್ತಿಯ ಕಾಗದಗಳಿಗೆ ಫೋಟೋ ಬೇಕಾಗಿ ಬಂದಾಗ, ಬೇರೆ ಅಂಗಡಿಗಳಿದ್ದರೂ ಅವರು ಆಕೆಯ ಹೊಸ ಸ್ಟುಡಿಯೋಗೇ ಹೋದರು. ನಾನೂ ಜೊತೆಗಿದ್ದೆ. ಗೋಡೆಗೆ ಹೊಸ ಬಣ್ಣ, ವೈರುಗಳೆಲ್ಲ ಗೋಡೆಯ ಹೊರಗೆ ಕಾಣುವ ಕೊಳವೆಗಳೊಳಗೆ. ಆಕೆ ಸ್ಟೂಲು ತೋರಿಸಿದಳು, ದೀಪ ಸರಿಪಡಿಸಿದಳು. ಕ್ಯಾಮೆರಾದ ಹಿಂದೆ ನಿಂತು, ಕಣ್ಣು ಅದಕ್ಕೆ ಹಚ್ಚದೆ ಕೇಳಿದಳು.

"ಇಷ್ಟು ದಿನ ಕೇಳಬೇಕು ಅಂತಿದ್ದೆ. ನಿಜ ಹೇಳಿ, ನನ್ನ ಕ್ಲೇಮು ಮತ್ತೆ ತೆರೆಸಿದ್ರಲ್ಲಿ ನಿಮಗೇನು ಸಿಕ್ತು?"

"ಏನೂ ಇಲ್ಲ."

"ಏನೂ ಇಲ್ದೆ ಯಾರಾದ್ರೂ ಮಾಡ್ತಾರಾ?"

ಇವರು ಕಾಲರು ಸರಿಮಾಡಿಕೊಂಡರು. ಆಕೆ ತಲೆ ಅಲ್ಲಾಡಿಸಿದಳು, ನಂಬದವರು ಅಲ್ಲಾಡಿಸುವ ಹಾಗೆ.

"ಗಲ್ಲ ಸ್ವಲ್ಪ ಕೆಳಗೆ ಮಾಡಿ," ಅಂದಳು. "ಹಾಗೇ ಇರಿ."